ವರ್ಕ್‌ಶಾಪ್‌ಗೆ ಸೋಲಾರ್ ಸಾಲ್ತಿಲ್ಲ: ಪ್ಯಾನೆಲ್ ಸೇರಿಸಲಾ, ಬ್ಯಾಟರಿ ಬದಲಿಸಲಾ?

ಸಾಗರದ_ಸೋಲ್ಡರ್
ನಮಸ್ಕಾರ. ಮನೆ ಸಾಗರದ ಹತ್ತಿರ ಹಳ್ಳಿಯಲ್ಲಿ. ಮೇಲೆ 330 ವ್ಯಾಟ್‌ನ ಎರಡು ಪ್ಯಾನೆಲ್ ಪ್ಯಾರಲಲ್ ಆಗಿವೆ, ಕೆಳಗೆ 12 ವೋಲ್ಟ್ ಸೋಲಾರ್ ಇನ್ವರ್ಟರ್, ಒಳಗೆ ಪಿಡಬ್ಲ್ಯೂಎಂ ಕಂಟ್ರೋಲರ್ (ಪ್ಯಾನೆಲನ್ನು ನೇರ ಬ್ಯಾಟರಿಗೆ ಜೋಡಿಸುವ ಸರಳ ಚಾರ್ಜರ್), 150 ಎಎಚ್ ಟ್ಯೂಬ್ಯುಲರ್ ಲೆಡ್ ಬ್ಯಾಟರಿ. ಲೈಟು, ಫ್ಯಾನು, ವೈಫೈಗೆ ಸಾಕಿತ್ತು. ಈಗ ಅಡಿಕೆ ಚೀಲ ಇಡುತ್ತಿದ್ದ ರೂಮಿನಲ್ಲಿ ಸೋಲ್ಡರಿಂಗ್ ಸ್ಟೇಷನ್, ಆಸಿಲೋಸ್ಕೋಪ್ (ವೋಲ್ಟೇಜಿನ ಅಲೆ ತೋರಿಸುವ ಯಂತ್ರ), ಸಣ್ಣ 3ಡಿ ಪ್ರಿಂಟರ್ ಇಟ್ಟುಕೊಂಡಿದ್ದೇನೆ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ಪ್ರಿಂಟ್ ಮುಗಿಯುವವರೆಗೆ ಬ್ಯಾಟರಿ ತಡೆಯುವುದಿಲ್ಲ. ಅಂಗಡಿಯವರು ಇನ್ನೆರಡು ಪ್ಯಾನೆಲ್, ಇನ್ನೊಂದು ಬ್ಯಾಟರಿ ಹಾಕಿಸಿ ಅಂತಾರೆ. ಸರೀನಾ?

ಡಯೋಡ್_ಭಟ್ಟ
ಪ್ಯಾನೆಲ್ ತಗೋಬೇಡಿ, ಇರುವುದನ್ನೇ ನೀವು ಪೂರ್ತಿ ಬಳಸುತ್ತಿಲ್ಲ. ನಿಮ್ಮ ಪ್ಯಾನೆಲ್ ಸುಮಾರು 37 ವೋಲ್ಟ್, 9 ಆಂಪ್ ಕೊಡುವಂಥದ್ದು. ಪಿಡಬ್ಲ್ಯೂಎಂ ಅದನ್ನು ಬ್ಯಾಟರಿಯ 13 ವೋಲ್ಟಿಗೆ ಎಳೆದು ಇಳಿಸುತ್ತದೆ, ಆಂಪ್ ಮಾತ್ರ ಹಾಗೇ ಇರುತ್ತದೆ. ಅಂದರೆ ಎರಡೂ ಸೇರಿ 18 ಆಂಪ್, 235 ವ್ಯಾಟ್ ಅಷ್ಟೇ. ಉಳಿದದ್ದು ಸುಮ್ನೆ ಹೋಗ್ತಿದೆ. ಮಧ್ಯಾಹ್ನ ಬ್ಯಾಟರಿ ಖಾಲಿ ಇರುವಾಗ ಡಿಸಿ ಕ್ಲ್ಯಾಂಪ್ ಮೀಟರ್ ಹಾಕಿ ನೋಡಿ.

ಸಾಗರದ_ಸೋಲ್ಡರ್
ನೋಡಿದೆ ಸರ್. ಒಳ್ಳೆ ಬಿಸಿಲಲ್ಲಿ 16 ಆಂಪ್, ಬ್ಯಾಟರಿ 13.1 ವೋಲ್ಟ್. ನೀವು ಹೇಳಿದ ಹಾಗೇ ಇದೆ! ಹಾಗಾದ್ರೆ ಎಂಪಿಪಿಟಿ (ಪ್ಯಾನೆಲಿನ ಹೆಚ್ಚಿನ ವೋಲ್ಟನ್ನು ಆಂಪ್ ಆಗಿ ಬದಲಿಸುವ ಕಂಟ್ರೋಲರ್) ಹಾಕಿ, ಹಳೇ ಬ್ಯಾಟರಿ ಜೊತೆಗೆ ಒಂದು ಲಿಥಿಯಂ ಸೇರಿಸಿದರೆ ಆಯ್ತಾ?

ಹಾಸನ_24ವಿ
ಅಯ್ಯೋ, ಹಳೇ ಟ್ಯೂಬ್ಯುಲರ್ ಜೊತೆ ಲಿಥಿಯಂ ಪ್ಯಾರಲಲ್ ಬೇಡ. ಎರಡರ ಚಾರ್ಜಿಂಗ್ ವೋಲ್ಟೇಜೇ ಬೇರೆ. ಹಳೇದನ್ನು ಮನೆಯ ಲೈಟಿಗೆ ಬಿಡಿ, ವರ್ಕ್‌ಶಾಪ್‌ಗೆ 24 ವೋಲ್ಟಿನ ಬೇರೆ ಸಿಸ್ಟಮ್ ಮಾಡಿ, ಪ್ಯಾನೆಲ್ ಎರಡೂ ಅದಕ್ಕೇ ಕೊಡಿ. ಮನೆ ಬ್ಯಾಟರಿ ಮೇನ್ಸಿನಲ್ಲಿ ಚಾರ್ಜ್ ಆಗಲಿ. 150 ಎಎಚ್ ಲೆಡ್ ಬ್ಯಾಟರಿಯಲ್ಲಿ ಅರ್ಧ ಬಳಸಿದರೆ 900 ವ್ಯಾಟ್ ಅವರ್. ಪ್ರಿಂಟರ್ ಸರಾಸರಿ 120 ವ್ಯಾಟ್ ಅಂದರೂ ಆರು ಗಂಟೆಗೆ 720, ಇನ್ವರ್ಟರ್ ನಷ್ಟ ಸೇರಿದರೆ ಅಲ್ಲಿಗೇ ಮುಗೀತು. 25.6 ವೋಲ್ಟ್ 100 ಎಎಚ್ ಎಲ್‌ಎಫ್‌ಪಿಯಲ್ಲಿ (ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ) ಎಂಬತ್ತು ಭಾಗ ಬಳಸಿದರೂ 2000 ದಾಟುತ್ತದೆ.

ಪ್ಯಾನೆಲ್ ಸೀರೀಸ್ ಹಾಕಿದರೆ ಓಪನ್ ವೋಲ್ಟೇಜ್ (ಲೋಡ್ ಇಲ್ಲದಾಗಿನದು) 92ರ ಹತ್ತಿರ ಬರುತ್ತದೆ. ಡಿಸೆಂಬರ್ ಚಳಿಯ ಬೆಳಿಗ್ಗೆ ಇನ್ನೂ ಏರುತ್ತದೆ, ಹಾಗಾಗಿ 100 ವೋಲ್ಟ್ ಕಂಟ್ರೋಲರ್‌ಗೆ ತೀರಾ ಅಂಚು. 150ರದ್ದು ತಗೊಳ್ಳಿ. ಅದರಲ್ಲಿ ಈಕ್ವಲೈಸ್ (ಲೆಡ್ ಬ್ಯಾಟರಿಗೆಂದು ಇರುವ ಹೆಚ್ಚು ವೋಲ್ಟಿನ ಚಾರ್ಜ್) ಆಫ್ ಮಾಡಿ. ಪ್ಯಾನೆಲ್ ಕಡೆ ಡಿಸಿ ಎಂಸಿಬಿಯೇ ಹಾಕಿಸಿ, ಎಸಿಯದ್ದು ಡಿಸಿ ಕಿಡಿಯನ್ನು ಆರಿಸುವುದಿಲ್ಲ. ಜುಲೈನಲ್ಲಿ ನಿಮ್ಮ ಕಡೆ ಬಿಸಿಲನ್ನು ನಂಬೋಕಾಗಲ್ಲ, ಕರೆಂಟ್ ಇದ್ದಾಗ ಮೇನ್ಸಿನಿಂದಲೂ ತುಂಬುವ ಹಾಗೆ ಚಾರ್ಜರ್ ಇರಲಿ.

ಇನ್ನೊಂದು, ಟಿ12 ಬಗೆಯ ಸೋಲ್ಡರಿಂಗ್ ಐರನ್ನನ್ನು ನೇರ ಡಿಸಿಯಲ್ಲೇ ಓಡಿಸಬಹುದು. ಆದರೆ ಆ ಬೋರ್ಡುಗಳು ಸಾಮಾನ್ಯವಾಗಿ 24 ವೋಲ್ಟಿಗೆ, ಚಾರ್ಜ್ ಆಗುವಾಗ ಬ್ಯಾಟರಿ 28 ದಾಟುತ್ತದೆ. ನಡುವೆ ವೋಲ್ಟ್ ಇಳಿಸುವ ಬಕ್ ಕನ್ವರ್ಟರ್ ಇಡಿ. ಇನ್ವರ್ಟರ್ ಸುಮ್ಮನೆ ಆನ್ ಇದ್ದರೂ 20 ವ್ಯಾಟ್ ತಿನ್ನುತ್ತದೆ, ಅದೂ ಉಳಿಯುತ್ತದೆ.

ಬಿಲ್_ಝೀರೋ
ಇಷ್ಟೆಲ್ಲಾ ಯಾಕೆ? ಕೇಂದ್ರದ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್ ಹಾಕಿಸಿ, 78,000 ಸಬ್ಸಿಡಿ ಬರುತ್ತದೆ.

ಡಯೋಡ್_ಭಟ್ಟ
ಅದು ಗ್ರಿಡ್‌ಗೆ, ಅಂದರೆ ಕರೆಂಟ್ ಲೈನಿಗೆ ಸೇರಿಸುವ ಸಿಸ್ಟಮ್‌ಗೆ. ಮಾಮೂಲಿ ಗ್ರಿಡ್‌ಟೈ ಇನ್ವರ್ಟರ್ ಲೈನ್ ಹೋದ ತಕ್ಷಣ ತಾನೂ ಆಫ್ ಆಗುತ್ತದೆ, ಕಂಬದ ಮೇಲಿರುವ ಲೈನ್‌ಮ್ಯಾನ್‌ಗೆ ಶಾಕ್ ಆಗಬಾರದಲ್ವಾ. ಇವರಿಗೆ ಬೇಕಿರುವುದು ಕರೆಂಟ್ ಹೋದಾಗಲೇ. ಗೃಹಜ್ಯೋತಿಯಲ್ಲಿ ಬಿಲ್ಲೇ ಬರದಿದ್ದರೆ ಉಳಿತಾಯದ ಲೆಕ್ಕವೂ ಇಲ್ಲ.

ಸೋಲ್ಡರ್ ಅವರೇ, ಸ್ಕೋಪ್ ಬಗ್ಗೆ ಒಂದು ಮಾತು. ಪ್ರೋಬಿನ ಕ್ಲಿಪ್ ನೇರ ಅರ್ಥ್ ಪಿನ್ನಿಗೆ ಸೇರಿರುತ್ತದೆ. ಇನ್ವರ್ಟರ್ ಔಟ್‌ಪುಟ್ ನೋಡೋಣ ಅಂತ ಅಲ್ಲಿ ಕಚ್ಚಿಸಬೇಡಿ, ಶಾರ್ಟ್ ಆಗಬಹುದು. ಅದಕ್ಕಂತ ಅರ್ಥ್ ಪಿನ್ ಕಿತ್ತು ಬಳಸುವುದು ಇನ್ನೂ ಅಪಾಯ, ಸ್ಕೋಪಿನ ಬಾಡಿಯೇ ಲೈವ್ ಆಗುತ್ತದೆ. ಕ್ಲಿಪ್ ಅರ್ಥ್‌ಗೆ ಸೇರದ ಡಿಫರೆನ್ಷಿಯಲ್ ಪ್ರೋಬ್ ತಗೊಳ್ಳಿ.