‘ವಯಸ್ಸಾಗುವುದಿಲ್ಲ’ ಅಂತ ಬರೆಯಬಹುದಾ? ಒಂದು ಇಲಿ, ಒಂದು ಶಾರ್ಕ್

ಎಲ್ಲರಿಗೂ ನಮಸ್ಕಾರ. ಮಕ್ಕಳಿಗೆ ಎರಡು ಪ್ರಾಣಿಗಳ ಬಗ್ಗೆ ಒಂದು ಪುಟ ಬರೆಯಲು ಕೂತವನು ಒಂದೇ ಪದದ ಹತ್ತಿರ ಸಿಕ್ಕಿಹಾಕಿಕೊಂಡಿದ್ದೇನೆ.

ಒಂದು, ನೇಕೆಡ್ ಮೋಲ್ ರ‍್ಯಾಟ್. ಕೀನ್ಯಾ, ಇಥಿಯೋಪಿಯಾ, ಸೊಮಾಲಿಯಾ ಕಡೆ ಬಿಲ ತೋಡಿಕೊಂಡು ಗುಂಪಾಗಿ ಬದುಕುವ, ಮೈಮೇಲೆ ಕೂದಲೇ ಇಲ್ಲ ಅನ್ನಬಹುದಾದ ಪ್ರಾಣಿ. ಸದ್ಯಕ್ಕೆ ‘ಬೋಳು ಬಿಲದಿಲಿ’ ಅಂದುಕೊಂಡಿದ್ದೇನೆ. ಇನ್ನೊಂದು, ಗ್ರೀನ್‌ಲ್ಯಾಂಡ್ ಶಾರ್ಕ್. ನಮ್ಮ ಕರಾವಳಿಯಲ್ಲಿ ಶಾರ್ಕಿಗೆ ‘ತಾಟೆ’ ಅನ್ನುತ್ತಾರೆ, ಹಾಗೇ ‘ಗ್ರೀನ್‌ಲ್ಯಾಂಡ್ ತಾಟೆ’ ಅಂದರೆ ಘಟ್ಟದ ಮೇಲಿನವರಿಗೆ ಅರ್ಥವಾಗುತ್ತಾ?

ಮೊದಲು ಎರಡನ್ನೂ ‘ದೀರ್ಘಾಯುಷಿ’ ಅಂತ ಬರೆದೆ. ಆದರೆ ಕಥೆ ಬೇರೆ ಬೇರೆ. ಶಾರ್ಕಿನ ಕಣ್ಣಿನ ಮಸೂರದ ಕಾರ್ಬನ್ ಅಳೆದು 2016ರಲ್ಲಿ ಲೆಕ್ಕ ಹಾಕಿದಾಗ, ಐದು ಮೀಟರ್ ಉದ್ದದ ಒಂದು ಹೆಣ್ಣಿಗೆ 272ರಿಂದ 512 ವರ್ಷದೊಳಗೆ ಎಲ್ಲೋ ಇರಬೇಕು ಅಂತ ಬಂತು. ಮರಿ ಹಾಕುವಷ್ಟು ಬೆಳೆಯಲಿಕ್ಕೇ ಸುಮಾರು 150 ವರ್ಷ ಬೇಕಂತೆ! ‘ಪ್ರಾಯಕ್ಕೆ ಬರಲು 150 ವರ್ಷ’ ಅಂತ ಬರೆದರೆ ಮೈಸೂರಿನವರಿಗೆ ಸರಿ, ಆದರೆ ಮಂಗಳೂರಿನಲ್ಲಿ ‘ಪ್ರಾಯ ಆಯ್ತು’ ಅಂದರೆ ಮುದುಕರಾದರು ಅಂತಲ್ವಾ?

ಇಲಿ ಬದುಕುವುದು ಮೂವತ್ತು ಚಿಲ್ಲರೆ ವರ್ಷ ಅಷ್ಟೇ. ಮನೆಯ ಸುಂಡಿಲಿ ಎರಡು ಮೂರು ವರ್ಷಕ್ಕೇ ಹೋಗುವುದರಿಂದ ಅದೂ ದೊಡ್ಡದೇ. ಆದರೆ ವಿಶೇಷ ಅದಲ್ಲ. ನಮಗೆ ದೊಡ್ಡವರಾದ ಮೇಲೆ ಸುಮಾರು ಎಂಟು ವರ್ಷಕ್ಕೊಮ್ಮೆ ಸಾಯುವ ಸಾಧ್ಯತೆ ಎರಡರಷ್ಟಾಗುತ್ತದೆ, ಈ ಇಲಿಗೆ ಹಾಗೆ ಏರುವುದಿಲ್ಲ ಅಂತ 2018ರ ಒಂದು ಅಧ್ಯಯನ ಹೇಳಿತು. ಇದಕ್ಕೆ ‘ವಯಸ್ಸಾಗುವುದಿಲ್ಲ’ ಅಂತ ಬರೆದೆ. ನನ್ನ ಮಗಳು ಓದಿ, ‘ಹಾಗಾದ್ರೆ ಅದಕ್ಕೆ ಹುಟ್ಟುಹಬ್ಬ ಇಲ್ವಾ ಅಪ್ಪಾ’ ಅಂದಳು. ಸರಿಯಾದ ಪ್ರಶ್ನೆಯೇ. ‘ವಯಸ್ಸಾಯ್ತು’ ಅಂದರೆ ನಮ್ಮಲ್ಲಿ ವರ್ಷ ಕಳೆಯುವುದೂ ಹೌದು, ಮೈ ಸೋಲುವುದೂ ಹೌದು.

ಆಮೇಲೆ ‘ಅಜರಾಮರ’ ನೆನಪಾಯಿತು. ಸುಮ್ನೆ ಒಂದೇ ಪದದಂತೆ ಬಳಸುತ್ತೇವೆ, ಆದರೆ ಒಳಗೆ ಎರಡಿವೆ: ಜರೆ ಇಲ್ಲದ್ದು, ಸಾವಿಲ್ಲದ್ದು. ಈ ಇಲಿ ಅಜರ, ಅಮರ ಅಲ್ಲ. ಆದರೆ ಒಂಟಿ ‘ಅಜರ’ ಮಕ್ಕಳಿಗೆ ಕಬ್ಬಿಣದ ಕಡಲೆ. ‘ಮುಪ್ಪಿಲ್ಲದ ಇಲಿ’ ನನಗೆ ಇಷ್ಟ. ತಮಾಷೆ ಅಂದರೆ ಅದರ ಮೈ ನೋಡಿದರೆ ಬರೀ ಸುಕ್ಕು, ನರೆಯಲು ಕೂದಲೂ ಇಲ್ಲ.

ಹಾಗಿದ್ದರೆ ಶಾರ್ಕಿಗೆ ಏನನ್ನೋಣ? ‘ನಿಧಾನ ಮುಪ್ಪಿನ’ ಅನ್ನುವುದು ಕಿವಿಗೆ ಒಗ್ಗುತ್ತಿಲ್ಲ. ನಿಮ್ಮ ಊರಿನ ಕಡೆ ತಡವಾಗಿ ಮುದುಕರಾಗುವವರಿಗೆ ಏನಾದರೂ ಮಾತಿದೆಯಾ?