ಬೂಷ್ಟು ಬಂದ ಮಿನಿ ಡಿವಿ ಕ್ಯಾಸೆಟ್, ಹಳೇ ಹ್ಯಾಂಡಿಕ್ಯಾಮ್: ಕಂಪ್ಯೂಟರಿಗೆ ಹಾಕುವುದು ಹೇಗೆ?

ಕಲ್ಯಾಣಪುರದವ:

ಸೋನಿ ಹ್ಯಾಂಡಿಕ್ಯಾಮ್, ಮಿನಿ ಡಿವಿ (ಸಣ್ಣ ಡಿಜಿಟಲ್ ಟೇಪ್ ಕ್ಯಾಸೆಟ್ ಹಾಕುವಂಥದ್ದು), ದುಬೈಯಿಂದ ತಂದದ್ದು, ಪಾಲ್ (ನಮ್ಮಲ್ಲಿದ್ದ ಟಿವಿ ಪದ್ಧತಿ) ಮಾಡೆಲ್. ಕ್ಯಾಸೆಟ್ 42 ಉಂಟು, ಎಲ್ಲ 2003ರಿಂದ 2008ರ ಒಳಗಿನವು. ಮದುವೆ, ಉಪನಯನ, ಉಡುಪಿಯ 2006ರ ಪರ್ಯಾಯ ಮೆರವಣಿಗೆ, ಮತ್ತೆ ಹದಿನೈದರಷ್ಟು ಬಯಲಾಟ. ಇಷ್ಟು ವರ್ಷ ಮರದ ಕಪಾಟಿನಲ್ಲಿ ಇದ್ದವು.

ಏಳು ಕ್ಯಾಸೆಟ್‌ಗಳ ಕಿಟಕಿಯಲ್ಲಿ ನೋಡಿದರೆ ಟೇಪಿನ ಸುರುಳಿಯ ಮೇಲೆ ಬಿಳಿ ಬೂಷ್ಟು ಕಾಣುತ್ತದೆ. ಬ್ಯಾಟರಿ ಹೋಗಿದೆ. ಅಡಾಪ್ಟರಿನಲ್ಲಿ ಆನ್ ಆಗುತ್ತದೆ, ಆದರೆ ಪ್ರತಿ ಸಲ ತಾರೀಕು ಕೇಳುತ್ತದೆ. ಕ್ಯಾಮೆರಾ ಮೋಡಿನಲ್ಲಿ ಸ್ಕ್ರೀನ್ ಪೂರ್ತಿ ಕಪ್ಪು, ಅಕ್ಷರಗಳು ಮಾತ್ರ ಬರುತ್ತವೆ. ಕ್ಯಾಸೆಟ್ ಇನ್ನೂ ಹಾಕಿ ನೋಡಲಿಲ್ಲ. ಮೊದಲು ರಿಪೇರಿಗೆ ಕೊಡಬೇಕಾ? ಯುಎಸ್‌ಬಿ ಕೇಬಲ್ ಉಂಟು, ಅದರಲ್ಲೇ ಆಗುತ್ತದಾ? ಲ್ಯಾಪ್‌ಟಾಪ್ ವಿಂಡೋಸ್ 11.

ರಿವೈಂಡ್:

ಹಾಕದೆ ಇದ್ದದ್ದು ಒಳ್ಳೆಯದಾಯಿತು ಮಾರಾಯ್ರೆ. ಬೂಷ್ಟಿನ ಒಂದು ಕ್ಯಾಸೆಟ್ ಓಡಿಸಿದರೆ ಸಾಕು, ಆ ಪುಡಿ ಹೆಡ್ಡಿಗೆ (ಟೇಪ್ ಓದುವ ತುದಿ) ಹತ್ತಿ ಅಲ್ಲಿಂದ ಉಳಿದ 35ಕ್ಕೂ ದಾಟುತ್ತದೆ. ಡಿವಿ ಕ್ಯಾಮೆರಾದಲ್ಲಿ ಹೆಡ್ ಕೂತಿರುವ ಡ್ರಮ್ ನಿಮಿಷಕ್ಕೆ 9000 ಸುತ್ತು ತಿರುಗುತ್ತದೆ, ಟೇಪಿನ ಅಗಲ ಬರೀ 6.35 ಮಿ.ಮೀ. ನಡುವೆ ಒಂದು ಕಣ ಸಿಕ್ಕಿಕೊಂಡರೂ ಚಿತ್ರ ಹೋಗುತ್ತದೆ, ಕೆಲವೊಮ್ಮೆ ಟೇಪಿಗೆ ಗೀರೂ ಬೀಳುತ್ತದೆ.

ಮೊಟ್ಟಮೊದಲ ಕೆಲಸ: 42 ಕ್ಯಾಸೆಟ್‌ಗಳ ಬೆನ್ನಿನಲ್ಲಿರುವ ಸಣ್ಣ ಗುಂಡಿಯನ್ನು 'ರೆಕ್' ಕಡೆಯಿಂದ 'ಸೇವ್' ಕಡೆಗೆ ಸರಿಸಿ. ಒಂದು ತಪ್ಪು ಬಟನ್ನಿಗೆ ಮದುವೆಯ ಮೇಲೆ ಕಪ್ಪು ಸ್ಕ್ರೀನ್ ರೆಕಾರ್ಡ್ ಆಗುವುದು ಬೇಡ.

ಆಮೇಲೆ ಟಾರ್ಚ್ ಹಿಡಿದು ಪ್ರತಿಯೊಂದನ್ನೂ ಓರೆಯಾಗಿ ನೋಡಿ. ನೇರ ಬೆಳಕಿನಲ್ಲಿ ಬೂಷ್ಟು ತಪ್ಪಿಹೋಗುತ್ತದೆ, ಓರೆ ಬೆಳಕಿನಲ್ಲಿ ಹತ್ತಿಯ ನೂಲಿನ ಹಾಗೆ ಎದ್ದು ಕಾಣುತ್ತದೆ. ಬೂಷ್ಟಿನವನ್ನು ಬೇರೆ ಡಬ್ಬಿಗೆ ಹಾಕಿ, ಗಾಳಿಯಾಡದಂತೆ ಮುಚ್ಚಿ. ಎರಡೂ ಡಬ್ಬಿಗೆ ಸಿಲಿಕಾ ಜೆಲ್, ಜೊತೆಗೆ ತೇವಾಂಶ ಅಳೆಯುವ ಸಣ್ಣ ಹೈಗ್ರೋಮೀಟರ್ ಒಂದು. ತೇವಾಂಶ ಶೇ. 40ರ ಆಸುಪಾಸಿಗೆ ಬಂದ ಮೇಲೆ ಒಂದೆರಡು ವಾರ ಹಾಗೇ ಬಿಡಿ. ಒಣಗಿದ ಬೂಷ್ಟು ಪುಡಿಯಾಗಿ ಉದುರುತ್ತದೆ, ಹಸಿ ಬೂಷ್ಟು ಮೆತ್ತುತ್ತದೆ. ವ್ಯತ್ಯಾಸ ಅಷ್ಟೇ, ಆದರೆ ಎಲ್ಲ ಇರುವುದು ಅದರಲ್ಲೇ. ನೀಲಿ ಜೆಲ್ ಗುಲಾಬಿ ಬಣ್ಣಕ್ಕೆ ತಿರುಗಿದರೆ ಓವನ್ನಿನಲ್ಲಿ 110-120 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟು ಮತ್ತೆ ಬಳಸಬಹುದು. ಜೆಲ್ ಬದಲಿಗೆ ಅಕ್ಕಿ ಹಾಕಬೇಡಿ, ಅದರ ಹಿಟ್ಟಿನ ಧೂಳು ಹೊಸ ತಲೆನೋವು. ಕಪಾಟಿನ ನುಸಿಗುಳಿಗೆಯೂ ಬೇಡ, ಅದರ ಆವಿ ಪ್ಲಾಸ್ಟಿಕ್ಕಿಗೆ ಆಗುವುದಿಲ್ಲ.

ಕಪ್ಪು ಸ್ಕ್ರೀನ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ದುಡ್ಡೂ ಹಾಕಬೇಡಿ. ಆ ಕಾಲದ ಹಲವು ಸಿಸಿಡಿ ಸೆನ್ಸರ್‌ಗಳಲ್ಲಿ (ಕ್ಯಾಮೆರಾದಲ್ಲಿ ಚಿತ್ರ ಹಿಡಿಯುವ ಚಿಪ್) ಒಳಗಿನ ತಂತಿಯ ಬೆಸುಗೆ ಬಿಡುವ ದೋಷ ಇತ್ತು. ಸೆಖೆ ಮತ್ತು ತೇವಾಂಶ ಇರುವ ಕಡೆ ಅದು ಬೇಗ ಹೊರಗೆ ಬರುತ್ತದೆ, ಅಂದರೆ ನಮ್ಮ ಕರಾವಳಿಗೆ ಹೇಳಿ ಮಾಡಿಸಿದ ಹಾಗೆ. 2005ರಲ್ಲಿ ಹಲವು ಕಂಪನಿಗಳು ಇದಕ್ಕೆ ಉಚಿತ ರಿಪೇರಿ ಘೋಷಿಸಿದ್ದವು. ಈಗ ನಿಮಗೆ ಬೇಕಾಗಿರುವುದು ಪ್ಲೇಯರ್, ಕ್ಯಾಮೆರಾ ಅಲ್ಲ. ಸೆನ್ಸರ್ ಸತ್ತಿದ್ದರೂ ವಿಸಿಆರ್ ಅಥವಾ ಪ್ಲೇ ಮೋಡಿನಲ್ಲಿ ಟೇಪು ಸರಿಯಾಗಿಯೇ ಓಡುತ್ತದೆ. ತಾರೀಕು ಕೇಳುವುದು ಒಳಗಿನ ಗುಂಡಿ ಬ್ಯಾಟರಿ ಇಳಿದದ್ದಕ್ಕೆ. ಚಾರ್ಜ್ ಆಗುವ ಜಾತಿಯದಾದರೆ ಸ್ವಿಚ್ ಆಫ್ ಮಾಡಿ ಅಡಾಪ್ಟರಿಗೆ 24 ಗಂಟೆ ಸಿಕ್ಕಿಸಿಟ್ಟರೆ ಹಿಡಿಯುತ್ತದೆ. ಹಿಡಿಯದಿದ್ದರೂ ಟೇಪು ನೋಡಲಿಕ್ಕೆ ಅಡ್ಡಿಯಿಲ್ಲ.

ಎಸಿ ಕೋಣೆಯಿಂದ ಹೊರಗೆ ತಂದ ಕೂಡಲೇ ಕ್ಯಾಸೆಟ್ ಹಾಕಬೇಡಿ. ತಣ್ಣಗಿನ ಡ್ರಮ್ಮಿನ ಮೇಲೆ ನೀರು ಕೂತು ಟೇಪು ಅಂಟಿಕೊಳ್ಳುತ್ತದೆ. ಸ್ಕ್ರೀನಿನಲ್ಲಿ ಸಿ:21 ಬಂದರೆ ಅದೇ. ಕ್ಯಾಸೆಟ್ ತೆಗೆದು ಕಡಿಮೆಯೆಂದರೆ ಒಂದು ಗಂಟೆ ಬಿಡಿ. ಸಿ:22 ಅಂದರೆ ಹೆಡ್ ಕೊಳಕು. ಸಿ:31, ಸಿ:32 ಬಂದರೆ ಕ್ಯಾಸೆಟ್ ತೆಗೆದು, ಕರೆಂಟ್ ಬಿಡಿಸಿ ಮತ್ತೆ ಕೊಟ್ಟು ನೋಡಿ. ಪದೇ ಪದೇ ಬಂದರೆ ಟೇಪ್ ಎಳೆಯುವ ಯಂತ್ರಭಾಗದಲ್ಲೇ ತೊಂದರೆ, ಒಳ್ಳೆಯ ಕ್ಯಾಸೆಟ್ ಮತ್ತೆ ಹಾಕಲಿಕ್ಕೆ ಹೋಗಬೇಡಿ. ಆಟಿ ತಿಂಗಳಲ್ಲಂತೂ (ಜುಲೈ-ಆಗಸ್ಟ್‌ನ ಜೋರು ಮಳೆಗಾಲ) ಈ ಕೆಲಸ ಶುರು ಮಾಡುವುದೇ ಬೇಡ. ಡಿಸೆಂಬರಿನಿಂದ ಫೆಬ್ರವರಿ ಒಳಗೆ ಮುಗಿಸಿ.

ನಾಕುಪಿನ್:

ಕಂಪ್ಯೂಟರ್ ಕಡೆಯದ್ದು ನಾನು ಹೇಳುತ್ತೇನೆ. ಯುಎಸ್‌ಬಿಯಲ್ಲಿ ಆಗುವುದಿಲ್ಲ. ಆ ಕ್ಯಾಮೆರಾಗಳಲ್ಲಿ ಯುಎಸ್‌ಬಿ ಇರುವುದು ಮೆಮೊರಿ ಸ್ಟಿಕ್ಕಿನ ಫೋಟೋಗಳಿಗೆ; ವಿಡಿಯೋ ಬಂದರೂ ವೆಬ್‌ಕ್ಯಾಮ್ ಗುಣಮಟ್ಟದ್ದು. ನಿಮಗೆ ಬೇಕಾದದ್ದು ಡಿವಿ ಅಂತ ಬರೆದ 4 ಪಿನ್ನಿನ ಸಣ್ಣ ಕಿಂಡಿ. ಸೋನಿಯವರು ಐ-ಲಿಂಕ್ ಅಂತಾರೆ, ಉಳಿದವರು ಫೈರ್‌ವೈರ್, ಕಾಗದದ ಮೇಲೆ ಐಇಇಇ 1394. ಅದರಲ್ಲಿ ಟೇಪಿನ ಮೇಲಿದ್ದ ಡಿಜಿಟಲ್ ದತ್ತಾಂಶ ಇದ್ದ ಹಾಗೇ ಫೈಲಾಗಿ ಬರುತ್ತದೆ. ಹಳದಿ-ಕೆಂಪು-ಬಿಳಿ ಎವಿ ಕೇಬಲ್ ಹಾಕಿ ಯುಎಸ್‌ಬಿ ಕ್ಯಾಪ್ಚರ್ ಡಬ್ಬಿಗೆ ಕೊಟ್ಟರೆ ಡಿಜಿಟಲ್ ಒಮ್ಮೆ ಅನಲಾಗ್ ಆಗಿ ಮತ್ತೆ ಡಿಜಿಟಲ್ ಆಗುತ್ತದೆ. ಬಣ್ಣ ಹರಡುತ್ತದೆ, ತಾರೀಕಿನ ಮಾಹಿತಿಯೂ ಹೋಗುತ್ತದೆ. ಡಿವಿ ಕಿಂಡಿ ಸುಟ್ಟುಹೋಗಿದ್ದರೆ ಮಾತ್ರ ಆ ದಾರಿ.

ಆನ್‌ಲೈನಿನಲ್ಲಿ ಸಿಗುವ, ಒಂದು ತುದಿಯಲ್ಲಿ ಯುಎಸ್‌ಬಿ ಇನ್ನೊಂದು ತುದಿಯಲ್ಲಿ ಫೈರ್‌ವೈರ್ ಇರುವ ಅಗ್ಗದ ಕೇಬಲ್ ಕೊಳ್ಳಬೇಡಿ. ಒಳಗೆ ತಂತಿ ಬಿಟ್ಟರೆ ಏನೂ ಇಲ್ಲ. ಎರಡರ ಭಾಷೆಯೇ ಬೇರೆ.

ಲ್ಯಾಪ್‌ಟಾಪ್ ಬದಿಗಿಡಿ. ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಇರುವ ಡೆಸ್ಕ್‌ಟಾಪ್ ಸಿಕ್ಕಿದರೆ ಫೈರ್‌ವೈರ್ ಕಾರ್ಡ್ ಹಾಕಿ. ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಅಥವಾ ವಿಐಎ ಚಿಪ್ಪಿನದ್ದಾದರೆ ತಕರಾರು ಕಡಿಮೆ. ವಿಂಡೋಸಿನಲ್ಲಿ ಕ್ಯಾಮೆರಾ ಕಾಣದಿದ್ದರೆ ಡಿವೈಸ್ ಮ್ಯಾನೇಜರಿನಲ್ಲಿ ಕಾರ್ಡಿನ ಡ್ರೈವರನ್ನು '1394 ಲೆಗಸಿ'ಗೆ ಬದಲಿಸಿ. ಅದು ವಿಂಡೋಸ್ 7ರ ಜೊತೆಗೇ ಬರುತ್ತಿತ್ತು, 8ರಿಂದ ಈಚೆಗೆ ಬೇರೆಯಾಗಿ ಹಾಕಿಕೊಳ್ಳಬೇಕು. ಇದಕ್ಕಿಂತ ಸುಲಭ, ಯಾರದಾದರೂ ಮನೆಯ ಅಟ್ಟದಲ್ಲಿ 4 ಪಿನ್ ಕಿಂಡಿ ಇರುವ 2006-2010ರ ಲ್ಯಾಪ್‌ಟಾಪ್ ಇದ್ದರೆ ಅದಕ್ಕೆ ಲಿನಕ್ಸ್ ಹಾಕುವುದು. ಡ್ರೈವರಿನ ಗೋಜೇ ಇಲ್ಲ. ಮ್ಯಾಕ್ ನಂಬಿದವರು ಗಮನಿಸಿ: 2025ರ ಮ್ಯಾಕ್‌ಓಎಸ್ 26 ಟಾಹೋದಲ್ಲಿ ಫೈರ್‌ವೈರ್ ಬೆಂಬಲ ತೆಗೆದಿದ್ದಾರೆ.

ಕೇಬಲ್ ಸಿಕ್ಕಿಸುವಾಗ ಎರಡೂ ಕಡೆ ಆಫ್ ಇರಲಿ. 6 ಪಿನ್ನಿನ ಕಿಂಡಿಯಲ್ಲಿ ಕರೆಂಟ್ ಉಂಟು, ತಲೆಕೆಳಗಾಗಿ ಒತ್ತಿದರೆ ಕ್ಯಾಮೆರಾದ ಡಿವಿ ಚಿಪ್ ಹೋಯ್ತೆಂದೇ ಲೆಕ್ಕ.

ಸಾಫ್ಟ್‌ವೇರ್: ವಿಂಡೋಸಿನಲ್ಲಿ ವಿನ್‌ಡಿವಿ, ಲಿನಕ್ಸಿನಲ್ಲಿ ಡಿವಿಗ್ರ್ಯಾಬ್. ಎರಡೂ ಉಚಿತ, ಎರಡೂ ಪ್ರತಿ ಶಾಟಿಗೆ ಬೇರೆ ಫೈಲ್ ಮಾಡಿ, ಟೇಪಿನಲ್ಲಿ ಅಡಗಿರುವ ತಾರೀಕು-ಗಂಟೆಯನ್ನೇ ಹೆಸರಾಗಿ ಇಡುತ್ತವೆ. ಡಿವಿಗ್ರ್ಯಾಬಿನಲ್ಲಿ ಆಟೋಸ್ಪ್ಲಿಟ್ ಮತ್ತು ಟೈಮ್‌ಸ್ಟ್ಯಾಂಪ್ ಆಯ್ಕೆ ಕೊಡಿ, ಸೈಜ್ ಸೊನ್ನೆ ಮಾಡಿ. ಇಲ್ಲದಿದ್ದರೆ ಅದು 1024 ಎಂಬಿಗೊಮ್ಮೆ ಕತ್ತರಿಸುತ್ತಾ ಹೋಗುತ್ತದೆ. ಒಂದು ಗಂಟೆಯ ಟೇಪಿಗೆ ಒಂದು ಗಂಟೆಯೇ ಬೇಕು, ಬೇಗ ಮಾಡುವ ಉಪಾಯ ಇಲ್ಲ. ಗಂಟೆಗೆ ಸುಮಾರು 13 ಜಿಬಿ. ಎಲ್‌ಪಿಯಲ್ಲಿ (ಟೇಪ್ ನಿಧಾನ ಓಡಿಸಿ ಹೆಚ್ಚು ಹೊತ್ತು ಹಿಡಿಯುವ ಮೋಡ್) 90 ನಿಮಿಷ ತುಂಬಿಸಿದ್ದರೆ ಕ್ಯಾಸೆಟ್ಟಿಗೆ ಇಪ್ಪತ್ತರ ಹತ್ತಿರ. 42ಕ್ಕೆ 1 ಟಿಬಿ ಡಿಸ್ಕ್ ಸಾಕು, ಆದರೆ ಎರಡು ಕೊಳ್ಳಿ, ಎರಡನೆಯದು ಬೇರೆ ಮನೆಯಲ್ಲಿರಲಿ.

ಚೆಂಡೆಪೆಟ್ಟು:

ಮೇಲಿನವರು ಎಲ್‌ಪಿ ಮಾತನ್ನು ಬಹಳ ಹಗುರವಾಗಿ ದಾಟಿಸಿದರು. ಬಯಲಾಟ ರಾತ್ರಿಯಿಡೀ ಇರುವುದರಿಂದ ಆಗ ಹೆಚ್ಚಿನವರು ಎಲ್‌ಪಿಯಲ್ಲೇ ಹಿಡಿಯುತ್ತಿದ್ದರು. ಎಲ್‌ಪಿಯಲ್ಲಿ ಟ್ರ್ಯಾಕ್ (ಟೇಪಿನ ಮೇಲೆ ಹೆಡ್ ಬರೆಯುವ ಗೆರೆ) ಇನ್ನೂ ಸಪೂರ. ಹಿಡಿದ ಕ್ಯಾಮೆರಾ ಬಿಟ್ಟು ಬೇರೆಯದರಲ್ಲಿ ಎಷ್ಟೋ ಸಲ ಚೌಕ ಚೌಕವಾಗಿ ಒಡೆದು ಬರುತ್ತದೆ. ಅಂದರೆ ಆ ಹದಿನೈದಕ್ಕೆ ಈ ಹ್ಯಾಂಡಿಕ್ಯಾಮೇ ಗತಿ. ಸೆಕೆಂಡ್ ಹ್ಯಾಂಡ್ ಇನ್ನೊಂದು ತರುವುದಾದರೆ ಅದು ಎಸ್‌ಪಿ (ಮಾಮೂಲಿ ವೇಗದ) ಟೇಪುಗಳಿಗೆ ಇರಲಿ. ಇದರ ಹೆಡ್ ಸವೆಸದೆ ಮೊದಲು ಬಯಲಾಟ ತೆಗೆಯಿರಿ, ಮದುವೆ ಆಮೇಲೆ. (ಮನೆಯಲ್ಲಿ ಹೀಗೆ ಹೇಳಬೇಡಿ.)

ಇನ್ನೊಂದು: ಹದಿನೈದು ಇಪ್ಪತ್ತು ವರ್ಷ ಅಲ್ಲಾಡದ ಟೇಪನ್ನು ನೇರ ಪ್ಲೇ ಮಾಡಬಾರದು. ಒಮ್ಮೆ ಕೊನೆಯ ತನಕ ಫಾರ್ವರ್ಡ್, ಮತ್ತೆ ಶುರುವಿನ ತನಕ ರಿವೈಂಡ್. ಪದರ ಬಿಡಿಸಿಕೊಂಡು ಬಿಗಿ ಸಮ ಆಗುತ್ತದೆ.

ಕಲ್ಯಾಣಪುರದವ:

ಎಲ್ಲರಿಗೂ ಧನ್ಯವಾದ. ಹಳೇ ಲ್ಯಾಪ್‌ಟಾಪ್, ಲಿನಕ್ಸ್, ಡಿವಿಗ್ರ್ಯಾಬ್‌ನಲ್ಲಿ ಬೂಷ್ಟಿಲ್ಲದ ಒಂಬತ್ತು ಕ್ಯಾಸೆಟ್ ಆಯಿತು. ಮೂರು ವಿಷಯ ಗೊತ್ತಾಗಲಿಲ್ಲ. ಹತ್ತನೆಯದರಲ್ಲಿ ಇದ್ದಕ್ಕಿದ್ದ ಹಾಗೆ ಚಿತ್ರ ಅಡ್ಡಡ್ಡ ಪಟ್ಟಿಗಳಾಯಿತು: ಒಂದು ಪಟ್ಟಿ ಸರಿ, ಮುಂದಿನದ್ದು ನಿಂತುಹೋದ ಹಳೇ ಚಿತ್ರ, ಮತ್ತೆ ಸರಿ. ಎರಡು, ಉಪನಯನದ ಟೇಪನ್ನು ಸ್ಪ್ಲಿಟ್ ಮಾಡದೆ ಒಂದೇ ಫೈಲ್ ಮಾಡಿದೆ, ಅರ್ಧದಿಂದ ಮುಂದೆ ಧ್ವನಿಯ ವೇಗ ತಪ್ಪಿದೆ. ಮೂರು, ಕಂಪ್ಯೂಟರಿನಲ್ಲಿ ನೋಡುವಾಗ ಕೈ ಬೀಸಿದಲ್ಲೆಲ್ಲ ಬಾಚಣಿಗೆಯ ಹಲ್ಲಿನಂತೆ ಗೆರೆ.

ರಿವೈಂಡ್:

ಪಟ್ಟಿಗಳನ್ನು ಎಣಿಸಿದ್ದರೆ ಉತ್ತರ ಅಲ್ಲೇ ಸಿಗುತ್ತಿತ್ತು. ಪಾಲ್ ಡಿವಿಯಲ್ಲಿ ಒಂದು ಫ್ರೇಮ್ 12 ಟ್ರ್ಯಾಕ್‌ಗಳಲ್ಲಿ ಹರಡಿರುತ್ತದೆ. ಡ್ರಮ್ಮಿನ ಎರಡು ಹೆಡ್‌ಗಳು ಅವನ್ನು ಒಂದು ಬಿಟ್ಟು ಒಂದರಂತೆ ಓದುತ್ತವೆ. ಒಂದು ಹೆಡ್ ಮುಚ್ಚಿಹೋದರೆ 12ರಲ್ಲಿ 6 ಪಟ್ಟಿ ಹೊಸತಾಗುವುದೇ ಇಲ್ಲ, ನೀವು ನೋಡಿದ್ದು ಅದನ್ನೇ. ಟೇಪಿಗೆ ಏನೂ ಆಗಿಲ್ಲ. ಡ್ರೈ ಕ್ಲೀನಿಂಗ್ ಕ್ಯಾಸೆಟ್ ಹಾಕಿ 10 ಸೆಕೆಂಡ್ ಪ್ಲೇ ಮಾಡಿ, ನಿಲ್ಲಿಸಿ, ರಿವೈಂಡ್ ಮಾಡದೆ ತೆಗೆಯಿರಿ. ಅದು ಉಪ್ಪುಕಾಗದದ ತಮ್ಮ ಇದ್ದ ಹಾಗೆ, ಒಂದು ನಿಮಿಷ ಓಡಿಸಿದರೆ ಹೆಡ್ಡೇ ಸವೆಯುತ್ತದೆ. ಮೂರು ಸಲಕ್ಕೂ ಹೋಗದಿದ್ದರೆ ಶೇ. 99ರ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಶಾಮಿ ಚರ್ಮದ (ನೂಲು ಬಿಡದ ಮೆದು ಚರ್ಮ) ಕಡ್ಡಿಯನ್ನು ಡ್ರಮ್ಮಿಗೆ ಒತ್ತದೆ ಹಿಡಿದು, ಡ್ರಮ್ಮನ್ನು ಕೈಯಿಂದ ಅದು ತಿರುಗುವ ದಿಕ್ಕಿನಲ್ಲೇ ಮೆಲ್ಲ ತಿರುಗಿಸಬೇಕು. ಮೇಲೆ ಕೆಳಗೆ ಉಜ್ಜಿದರೆ ಹೆಡ್ಡಿನ ತುದಿ ಮುರಿಯುತ್ತದೆ. ಕಿವಿಗೆ ಹಾಕುವ ಹತ್ತಿಕಡ್ಡಿ ಬೇಡ, ನೂಲು ಸಿಕ್ಕಿಕೊಳ್ಳುತ್ತದೆ. ಪೂರ್ತಿ ಒಣಗುವ ತನಕ ಟೇಪು ಹಾಕಬೇಡಿ.

ನಾಕುಪಿನ್:

ಧ್ವನಿ: ಮೆನುವಿನಲ್ಲಿ ಆಡಿಯೋ 12 ಬಿಟ್ ಇದ್ದರೆ 32 ಕಿಲೋಹರ್ಟ್ಸ್, 16 ಬಿಟ್ ಇದ್ದರೆ 48. ಅದೇ ಟೇಪಿನಲ್ಲಿ ನಡುವೆ ಯಾರೋ ಬದಲಿಸಿದ್ದಾರೆ. ಒಂದೇ ಫೈಲ್ ಮಾಡಿದಾಗ ಸಾಫ್ಟ್‌ವೇರ್ ಮೊದಲಿನ ಲೆಕ್ಕವನ್ನೇ ಕೊನೆಯವರೆಗೂ ಹಿಡಿಯುತ್ತದೆ. ಆಟೋಸ್ಪ್ಲಿಟ್ ಹಾಕಿ ಮತ್ತೊಮ್ಮೆ ತೆಗೆಯಿರಿ, ಸರಿಯಾಗುತ್ತದೆ.

ಬಾಚಣಿಗೆ ಗೆರೆ ದೋಷವೇ ಅಲ್ಲ. ಪಾಲ್ ಡಿವಿ 720x576, ಸೆಕೆಂಡಿಗೆ 25 ಫ್ರೇಮ್, ಪ್ರತಿ ಫ್ರೇಮಿನಲ್ಲಿ ಸೆಕೆಂಡಿನ 50ನೇ ಒಂದು ಭಾಗದ ಅಂತರದಲ್ಲಿ ಹಿಡಿದ ಎರಡು ಅರ್ಧಚಿತ್ರ. ಮೂಲ ಫೈಲನ್ನು ಮುಟ್ಟಬೇಡಿ. ನೋಡಲಿಕ್ಕೆ, ವಾಟ್ಸಾಪಿಗೆ ಕಳಿಸಲಿಕ್ಕೆ ಹ್ಯಾಂಡ್‌ಬ್ರೇಕ್ ಸಾಫ್ಟ್‌ವೇರಿನಲ್ಲಿ ಬೇರೆ ಪ್ರತಿ ಮಾಡಿ: ಡಿಇಂಟರ್ಲೇಸ್ (ಅರ್ಧಚಿತ್ರಗಳನ್ನು ಬಿಡಿಸುವ ಆಯ್ಕೆ) 'ಬಾಬ್', ಫ್ರೇಮ್ ರೇಟ್ 50. ಯಕ್ಷಗಾನದ ಧೀಂಗಿಣ (ವೇಗದ ಸುತ್ತು ಕುಣಿತ) 25ರಲ್ಲಿ ಜರ್ಕ್ ಹೊಡೆಯುತ್ತದೆ, 50ರಲ್ಲಿ ನೀರಿನ ಹಾಗೆ ಹೋಗುತ್ತದೆ. ಬೇರೆ ಎಡಿಟಿಂಗ್ ಸಾಫ್ಟ್‌ವೇರ್ 'ಫೀಲ್ಡ್ ಆರ್ಡರ್' (ಯಾವ ಅರ್ಧಚಿತ್ರ ಮೊದಲು) ಕೇಳಿದರೆ ಲೋವರ್ ಅಥವಾ ಬಾಟಮ್ ಫಸ್ಟ್. ಅಪ್ಪರ್ ಕೊಟ್ಟರೆ ವೇಷ ಮುಂದೆ ಹಿಂದೆ ನಡುಗುತ್ತದೆ.

ಚೆಂಡೆಪೆಟ್ಟು:

ಬೂಷ್ಟಿನ ಏಳನ್ನು ಕಟ್ಟಕಡೆಗೆ ಇಟ್ಟುಕೊಳ್ಳಿ, ಉಳಿದದ್ದೆಲ್ಲ ಎರಡು ಡಿಸ್ಕಿಗೂ ಹೋದ ಮೇಲೆ. ಒಣಗಿದ್ದನ್ನು ಮನೆಯ ಹೊರಗೆ, ಎನ್95 ಮಾಸ್ಕ್ ಹಾಕಿಕೊಂಡು ಬಿಚ್ಚಿ. ಕ್ಯಾಸೆಟ್ಟಿನ ಸ್ಕ್ರೂಗಳು ಬಹಳ ಸಣ್ಣವು; ಬಿಳಿ ತಟ್ಟೆಯ ಮೇಲೆ ಬಿಚ್ಚಿದರೆ ಕಳೆದುಹೋಗುವುದಿಲ್ಲ. ಬಿಚ್ಚುವ ಮೊದಲು ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಡಿ, ಸ್ಪ್ರಿಂಗ್ ಎಲ್ಲಿತ್ತು ಅಂತ ಆಮೇಲೆ ನೆನಪಾಗುವುದಿಲ್ಲ. ಎರಡು ಸುರುಳಿಯನ್ನೂ ಎತ್ತಿ, ನೂಲು ಬಿಡದ ಒಣ ಮೈಕ್ರೋಫೈಬರ್ ಬಟ್ಟೆಯಿಂದ ಅಂಚುಗಳನ್ನು ಮೆಲ್ಲ ಒರೆಸಿ. ಟೇಪಿನ ಹೊಳೆಯುವ ಮೈಯನ್ನು ಬೆರಳಲ್ಲಿ ಮುಟ್ಟಬಾರದು, ಯಾವ ದ್ರವವೂ ಬೇಡ. ಸುರುಳಿಯನ್ನು ಹಳೇ ಚಿಪ್ಪಿಗೆ ವಾಪಸ್ ಹಾಕಬೇಡಿ, ಅದರ ಮೂಲೆಗಳಲ್ಲೂ ಬೂಷ್ಟು ಇರುತ್ತದೆ. ಒಳ್ಳೆಯ ಖಾಲಿ ಕ್ಯಾಸೆಟ್ಟಿನ ಚಿಪ್ಪಿಗೆ ಕೂರಿಸಿ.

ಮತ್ತೆ ಮೊದಲೇ ಹೇಳಿದ ಹಾಗೆ ಫಾರ್ವರ್ಡ್-ರಿವೈಂಡ್, ಆದರೆ ಈ ಕ್ಯಾಮೆರಾದಲ್ಲಿ ಅಲ್ಲ, ರಿವೈಂಡರಿನಲ್ಲಿ ಅಥವಾ ಹಾಳಾದರೂ ಚಿಂತೆಯಿಲ್ಲದ ಇನ್ನೊಂದು ಕ್ಯಾಮೆರಾದಲ್ಲಿ. ಆಮೇಲೆ ಕ್ಯಾಪ್ಚರ್ ಹಾಕಿ. ಎರಡನೇ ಸಲ ಓಡಿಸಲು ಸಿಗುತ್ತದೆ ಅಂದುಕೊಳ್ಳಬೇಡಿ. ಮೊದಲ ಓಟದಲ್ಲೇ ರೆಕಾರ್ಡ್ ಆಗುತ್ತಿರಲಿ. ಪ್ರತಿ ಕ್ಯಾಸೆಟ್ ಆದ ಮೇಲೆ ಕ್ಲೀನಿಂಗ್ ಕ್ಯಾಸೆಟ್ 5 ಸೆಕೆಂಡ್. ನಡುವೆ ಪಟ್ಟಿ ಕಾಣಿಸಿದರೆ ಕೂಡಲೇ ಸ್ಟಾಪ್ ಮಾಡಿ, ಹೆಡ್ ಒರೆಸಿ, ನಿಂತಲ್ಲಿಂದ ಮುಂದೆ ಹೋಗಿ. ಫೈಲ್ ಎರಡಾದರೆ ಆಗಲಿ, ಜೋಡಿಸಲಿಕ್ಕೆ ಬರುತ್ತದೆ.