ಕತ್ತರಿ ಥರ ಇದೆ, ಅಲಗಿನ ಮೇಲೆ ಡಬ್ಬಿ ಇದೆ. ಏನಿದು?

ಹಳೇಪೆಟ್ಟಿಗೆ:
ಹಳೇ ಸಾಮಾನಿನ ಬಾಕ್ಸ್ ಒಂದನ್ನ ಸೆಕೆಂಡ್ ಹ್ಯಾಂಡಲ್ಲಿ ತಗೊಂಡಿದ್ದೆ, ನಂಗೆ ಬೇಕಿದ್ದಿದ್ದು ಅದರಲ್ಲಿದ್ದ ಬೀಗ ಮಾತ್ರ, ಆದ್ರೆ ತಳದಲ್ಲಿ ಇದು ಸಿಕ್ತು. ಸುಮಾರು 6 ಇಂಚು, ಹಿತ್ತಾಳೆ ಅನ್ಸುತ್ತೆ. ನೋಡೋಕೆ ಕತ್ತರಿ, ಆದ್ರೆ ಒಂದು ಅಲಗಿನ ಮೇಲೆ ಪುಟ್ಟ ಡಬ್ಬಿ ಕೂರಿಸಿದಾರೆ, ಇನ್ನೊಂದರ ಮೇಲೆ ಒಂದು ತಗಡು ನಿಂತಿದೆ, ಮುಚ್ಚಿದ್ರೆ ಆ ತಗಡು ಡಬ್ಬಿ ಬಾಯಿಗೆ ಕರೆಕ್ಟಾಗಿ ಹೋಗಿ ಕೂರುತ್ತೆ. ತುದಿ ಚೂಪು. ಕೆಳಗಡೆ 3 ಪುಟ್ಟ ಕಾಲು ಬೇರೆ! ಪೇಪರ್ ಕತ್ತರಿಸಿ ನೋಡಿದ್ರೆ ಬರೀ ಹರೀತು. ಮನೇಲಿ ಒಬ್ಬೊಬ್ರು ಒಂದೊಂದು ಹೇಳ್ತಿದಾರೆ. ಯಾರಿಗಾದ್ರೂ ಗೊತ್ತಾ?

ತುಕ್ಕುಮೊಳೆ:
ಸಿಗಾರ್ ತುದಿ ಕತ್ತರಿಸೋದು ಗುರು. ಚೂರು ಡಬ್ಬಿಗೆ ಬೀಳುತ್ತೆ ನೋಡು.

ಕರಿಬತ್ತಿ:
ಸಿಗಾರ್‌ಗಲ್ಲ, ಇಂಥ ಮೊಂಡು ಅಲಗಲ್ಲಿ ಸಿಗಾರ್ ಕತ್ತರಿಸಿದ್ರೆ ಸುತ್ತಿದ ಎಲೆನೇ ಬಿಚ್ಕೊಳ್ಳುತ್ತೆ. ಇದು ಕ್ಯಾಂಡಲ್ ಬತ್ತಿಯ ಕತ್ತರಿ. ಆಗೆಲ್ಲ ಪ್ರಾಣಿಗಳ ಕೊಬ್ಬಲ್ಲಿ ಮಾಡಿದ ಕ್ಯಾಂಡಲ್ ಉರಿಸ್ತಿದ್ರಲ್ಲ, ಅದರ ಬತ್ತಿ ಹೊಸೆದ ಹತ್ತಿ ನೂಲು, ಪೂರ್ತಿ ಸುಟ್ಟು ಹೋಗ್ತಿರ್ಲಿಲ್ಲ, ಕರಕಲಾಗಿ ಉದ್ದ ಬೆಳೀತಾ ಹೋಗೋದು, ಆಮೇಲೆ ಹೊಗೆ, ಬೆಳಕು ಮಂಕು, ಕೊಬ್ಬು ಪಕ್ಕಕ್ಕೆ ಸುರಿಯೋದು. ಹಾಗಾಗಿ ಆಗಾಗ ಎದ್ದು ಕತ್ತರಿಸ್ತಾನೇ ಇರ್ಬೇಕಿತ್ತು, ಅದೂ ದೀಪ ಆರಿಸದೆ. ಕೆಂಡದ ಥರ ಇರೋ ಚೂರು ಕೆಳಗೆ ಬೀಳ್ಬಾರ್ದು ಅಂತಾನೇ ಆ ಡಬ್ಬಿ, ತಗಡು ಅದನ್ನ ಒಳಗೆ ತಳ್ಳಿ ಅದುಮಿ ಆರಿಸುತ್ತೆ. ಡಬ್ಬಿ ಒಳಗೆ ಬೆರಳು ಹಾಕಿ ನೋಡಿ, ಮಸಿ ಅಂಟಿದ್ರೆ ಡೌಟೇ ಬೇಡ.

ಹಳೇಪೆಟ್ಟಿಗೆ:
ಹಾಕ್ದೆ, ಬೆರಳು ಕಪ್ಪು!! ಹಾಗಾದ್ರೆ ಕಾಲು ಯಾಕೆ? ಚೂಪು ತುದಿ?

ಕರಿಬತ್ತಿ:
ಬಗ್ಗಿ ಬಿದ್ದ ಬತ್ತಿನ ಚೂಪಲ್ಲಿ ಎತ್ತಿ ನೆಟ್ಟಗೆ ಮಾಡೋಕೆ. ಕಾಲಿದ್ರೆ ಮಸಿ ಟೇಬಲ್‌ಗೆ ತಾಗಲ್ಲ, ಬೆರಳು ತೂರಿಸಿ ಎತ್ಕೊಳ್ಳೋದೂ ಸುಲಭ. 1820ರ ದಶಕದಲ್ಲಿ ಫ್ರಾನ್ಸಲ್ಲಿ ಹೆಣೆದ ಬತ್ತಿ ಬಂತು, ಅದು ಉರೀತಾ ತಾನೇ ಪಕ್ಕಕ್ಕೆ ಬಾಗಿ ಜ್ವಾಲೆ ಅಂಚಲ್ಲಿ ಬೂದಿಯಾಗುತ್ತೆ, ಅಲ್ಲಿಂದ ಈ ಕತ್ತರಿಗೆ ನಿಧಾನಕ್ಕೆ ಕೆಲಸ ತಪ್ತು.

ಮೂರನೇಕಾಲು:
ಒಂದು ಮಾತು ಸೇರಿಸ್ತೀನಿ, ಕೆಲವರು ಇದನ್ನ ದೀಪ ಆರಿಸೋ ಸಾಧನ ಅಂತ ಮಾರ್ತಾರೆ, ತಪ್ಪು. ಆರಿಸೋಕೆ ಇದ್ದಿದ್ದು ಹಿಡಿ ಇರೋ ಶಂಕುವಿನಾಕಾರದ ಟೋಪಿ. ಮತ್ತೆ ದಯವಿಟ್ಟು ಪಾಲಿಶ್ ಮಾಡಿ ಮಿರಮಿರ ಮಿಂಚಿಸ್ಬೇಡಿ, ಹಳೇ ಬಣ್ಣ ಹೋದ್ರೆ ವಾಪಸ್ ಬರಲ್ಲ. ಮೇಣ ಅಂಟಿದ್ರೆ ಬಿಸಿನೀರಲ್ಲಿ ಅದ್ದಿದ ಬಟ್ಟೇಲಿ ಒರೆಸಿ, ಆಮೇಲೆ ಚೆನ್ನಾಗಿ ಒಣಗಿಸಿ, ತಿರುಗೋ ಮೊಳೆ ಕಬ್ಬಿಣದ್ದಾಗಿದ್ರೆ ಒದ್ದೆ ಉಳಿದು ತುಕ್ಕು ಹಿಡಿಯುತ್ತೆ. ಮ್ಯಾಗ್ನೆಟ್ ಇಟ್ಟು ನೋಡಿ, ಅಂಟ್ಕೊಂಡ್ರೆ ಒಳಗಡೆ ಕಬ್ಬಿಣ, ಮೇಲೆ ಬರೀ ಲೇಪ. ಅಲಗಿನ ಒಳಮುಖಕ್ಕೆ ಟಾರ್ಚ್ ಬಿಟ್ಟು ಮುದ್ರೆ ಇದ್ಯಾ ಅಂತಾನೂ ಹುಡುಕಿ.

ತುಕ್ಕುಮೊಳೆ:
ಸಿಗಾರ್ ವಾಪಸ್ ತಗೊಂಡೆ 😄

ಹಳೇಪೆಟ್ಟಿಗೆ:
ಮ್ಯಾಗ್ನೆಟ್ ಅಂಟ್ಲಿಲ್ಲ, ಮುದ್ರೆ ಏನೂ ಕಾಣ್ಲಿಲ್ಲ. ರಾತ್ರಿ ಕರೆಂಟ್ ಹೋದಾಗ ಮನೇಲಿದ್ದ ಕ್ಯಾಂಡಲ್ ಹಚ್ಚಿ, ಇದನ್ನ ಕೈಲಿ ಹಿಡ್ಕೊಂಡು ಅರ್ಧ ಗಂಟೆ ಕಾದೆ. ಬತ್ತಿ ತಾನೇ ಬಾಗಿ ತಾನೇ ಸುಟ್ಕೊಳ್ತಿತ್ತು, ಕತ್ತರಿಸೋಕೆ ಏನೂ ಇರ್ಲಿಲ್ಲ.